ಒಂದು ಒಲೆಗೆ ಒಂದು ವೋಟು

ಒಂದು ಒಲೆಗೆ ಒಂದು ವೋಟು ಎಂಬ ಕಾನೂನನ್ನು ನಮ್ಮ ಕಟ್ಟಡಕ್ಕೆ ತಂದವರು ಬೇರೆ ಯಾರೂ ಅಲ್ಲ, ನನ್ನ ಗಂಡ ಯಶೋಧರ. ಅದು ಪಾಸಾದ ದಿನ ಮನೆಗೆ ಬಂದವರೇ ಕನ್ನಡಿಯ ಮುಂದೆ ನಿಂತು ತಲೆ ಬಾಚಿಕೊಂಡರು. ಊಟಕ್ಕೆ ಕೂರುವ ಮೊದಲು ತಲೆ ಬಾಚಿಕೊಳ್ಳುವ ಜನ ಅಲ್ಲ ಅವರು. ಅಷ್ಟು ಖುಷಿಯಾಗಿತ್ತು.

ಕುವೈತಿನ ಅಬು ಹಲೀಫಾದಲ್ಲಿ, ಸಮುದ್ರದಿಂದ ಎರಡು ಬೀದಿ ಹಿಂದೆ, ನಾಲ್ಕು ಮಾಳಿಗೆಯ ಕಟ್ಟಡ ಅದು. ಬಾಡಿಗೆಗೆ ಇದ್ದವರೆಲ್ಲ ನಮ್ಮ ಕರಾವಳಿಯ ಕಡೆಯವರೇ. ಮೂಲ್ಕಿಯಿಂದ ಬಂದ ನಾವು, ಶಿರ್ವದ ರೋಕ್ ಮತ್ತು ಅವರ ಹೆಂಡತಿ ಲಿಜ್ಜಿ, ಇನ್ನೂ ಮೂರು ಸಂಸಾರಗಳು. ಮೇಲಿನ ಮಾಳಿಗೆಯ ಎರಡು ಫ್ಲ್ಯಾಟುಗಳಲ್ಲಿ ಮಾತ್ರ ಹದಿನಾಲ್ಕು ಜನ ಬ್ಯಾಚುಲರುಗಳು. ಊರಿನಲ್ಲಿ ಹೆಂಡತಿ, ಮೂರು ಮಕ್ಕಳು ಇದ್ದರೂ ಇಲ್ಲಿ ಒಬ್ಬನೇ ಇದ್ದರೆ ಅವನು ಬ್ಯಾಚುಲರೇ. ಗಲ್ಫಿನ ಲೆಕ್ಕಾಚಾರ ಹಾಗೆ.

ನೀರಿನ ಟ್ಯಾಂಕರು ಯಾವಾಗ ತರಿಸಬೇಕು, ಮೋಟಾರು ಕೆಟ್ಟರೆ ಯಾರು ಓಡಬೇಕು, ಚೌತಿಗೆ ಪಾಯಸ ಎಷ್ಟು, ಕ್ರಿಸ್ಮಸ್ಸಿಗೆ ನಕ್ಷತ್ರ ಎಲ್ಲಿ, ಇದನ್ನೆಲ್ಲ ತೀರ್ಮಾನಿಸಲು ಒಂದು ಕಮಿಟಿ ಇತ್ತು. ತಲೆಗೊಂದು ವೋಟು ಎಂದರೆ ಮೇಲಿನವರು ಹದಿನಾಲ್ಕು ಕೈ ಎತ್ತಿ ಸಂಸಾರಸ್ಥರ ಬಾಯಿ ಮುಚ್ಚಿಸಿಬಿಡುತ್ತಾರೆ ಎಂದು ನನ್ನ ಗಂಡನಿಗೆ ಹೆದರಿಕೆ. ಅದಕ್ಕೇ ಈ ಒಲೆಯ ಉಪಾಯ. ಮಾಲೀಕರ ಒಲೆ ಬಿಟ್ಟರೆ ಕಟ್ಟಡದಲ್ಲಿ ಏಳು ಒಲೆ, ಏಳು ವೋಟು. ಐದು ಸಂಸಾರಗಳಿಗೆ ಐದು, ಬ್ಯಾಚುಲರುಗಳಿಗೆ ಎರಡು. ಒಲೆಯ ಮುಂದೆ ಬೆವರು ಸುರಿಸುವವಳು ಹೆಂಡತಿ, ಒಲೆಯ ಹೆಸರಿನಲ್ಲಿ ಕೈ ಎತ್ತುವವನು ಗಂಡ. ಯಾರೂ ಅದರಲ್ಲಿ ವಿಚಿತ್ರ ಕಾಣಲಿಲ್ಲ. ನಾನೂ ಕಾಣಲಿಲ್ಲ. ನೀರಿನ ಮೋಟಾರಿಗಾಗಿ ಕೈ ಎತ್ತಿ ನನಗೇನು ಕಿರೀಟ ಬರಬೇಕಿತ್ತೇ?

ತೊಂಬತ್ತರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ಬಂತು. ಬೆಳಿಗ್ಗೆ ಏಳುವಷ್ಟರಲ್ಲಿ ದೇಶವೇ ಬೇರೆಯವರದ್ದಾಗಿತ್ತು. ಆಫೀಸುಗಳು ಮುಚ್ಚಿದವು, ಗಂಡಸರು ಮನೆಯಲ್ಲೇ ಉಳಿದರು. ಕೆಲಸವಿಲ್ಲದ ಗಂಡಸರಿಗೆ ಮೀಟಿಂಗಿನ ಚಟ ಹತ್ತುತ್ತದೆ. ನಮ್ಮವರು ನೆಲಮಾಳಿಗೆಯಲ್ಲಿ ಕುರ್ಚಿ ಹಾಕಿಕೊಂಡು, ರೇಡಿಯೋಗೆ ಕಿವಿ ಕೊಟ್ಟು, ದಿನಕ್ಕೆರಡು ಸಲ ಜಗತ್ತನ್ನು ಸರಿಮಾಡುತ್ತಿದ್ದರು. ನಮ್ಮ ಪೈಕಿ ಕೆಲಸಕ್ಕೆ ಹೋಗುತ್ತಿದ್ದವಳು ಲಿಜ್ಜಿ ಒಬ್ಬಳೇ. ಅವಳು ನರ್ಸು. ಬಿಳಿ ಡ್ರೆಸ್ಸು ಹಾಕಿಕೊಂಡು, ದಾರಿಯ ಚೆಕ್‌ಪಾಯಿಂಟುಗಳಲ್ಲಿ ಸೈನಿಕರ ಬಂದೂಕಿನ ಮುಂದೆ ಬ್ಯಾಗು ಬಿಚ್ಚಿ ತೋರಿಸುತ್ತ ಆಸ್ಪತ್ರೆಗೆ ಹೋಗಿ ಬರುತ್ತಿದ್ದಳು.

ಉಳಿದ ಹೆಂಗಸರ ಕೆಲಸ ಖುಬ್ಸ್ ತರುವುದು. ಇಲ್ಲಿಯ ರೊಟ್ಟಿ ಅಂಗಡಿಗಳಲ್ಲಿ ಹೆಂಗಸರಿಗೆ ಬೇರೆಯೇ ಸಾಲು, ಅವರಿಗೇ ಮೊದಲು ಕೊಡುವುದು ಪದ್ಧತಿ. ಗಂಡಸರ ಸಾಲು ಬೀದಿ ತಿರುಗಿ ಮಸೀದಿಯವರೆಗೆ ನಿಂತಿದ್ದರೂ ನಮ್ಮದು ಸರಸರ ಮುಂದೆ ಹೋಗುತ್ತಿತ್ತು. ಆ ಸಾಲಿನಲ್ಲಿ ಕುವೈತಿ ಹೆಂಗಸರು, ಪ್ಯಾಲೆಸ್ತೀನಿನವರು, ನಾವು, ಎಲ್ಲರೂ ಇರುತ್ತಿದ್ದೆವು. ಯಾರ ಮನೆ ಜಪ್ತಿಯಾಯಿತು, ಯಾವ ರಸ್ತೆಯಲ್ಲಿ ಹೊಸ ಚೆಕ್‌ಪಾಯಿಂಟು ಬಂತು ಎಂಬುದು ರೇಡಿಯೋಗಿಂತ ಮೊದಲು ನಮಗೆ ಗೊತ್ತಾಗುತ್ತಿತ್ತು. ಮನೆಗೆ ಬಂದು ಹೇಳಿದರೆ ನನ್ನ ಗಂಡ, "ಬಿಬಿಸಿಯಲ್ಲಿ ಹಾಗೆ ಹೇಳ್ಲಿಲ್ವಲ್ಲ" ಎನ್ನುತ್ತಿದ್ದರು. ಬಿಬಿಸಿಯವರು ಅಬು ಹಲೀಫಾದಲ್ಲಿ ರೊಟ್ಟಿಗೆ ನಿಂತಿದ್ದರೆ ಹೇಳುತ್ತಿದ್ದರೇನೋ.

ಈಗ ನೂರಿಯಾಳ ವಿಷಯ ಹೇಳಬೇಕು. ಕಟ್ಟಡ ಅವಳ ಅಣ್ಣನದ್ದು. ಅವನು ಕುವೈತಿ ಸೈನ್ಯದಲ್ಲಿ ಅಧಿಕಾರಿ. ಹೆಂಡತಿ ಮಕ್ಕಳು ರಜೆಗೆಂದು ಲಂಡನ್ನಿನಲ್ಲಿದ್ದರು. ಸೈನ್ಯ ನುಗ್ಗಿದ ದಿನ ಅವನು ಹೋರಾಡುತ್ತ ಹಿಂದೆ ಸರಿದು ಸೌದಿಗೆ ದಾಟಿದ. ತಂಗಿ ನೂರಿಯಾ ಕೆಳಗಿನ ದೊಡ್ಡ ಫ್ಲ್ಯಾಟಿನಲ್ಲಿ ಒಬ್ಬಳೇ ಉಳಿದಳು. ಮದುವೆಯಾಗದವಳು, ಹುಡುಗಿಯರ ಶಾಲೆಯಲ್ಲಿ ಅರಬ್ಬಿ ಟೀಚರು, ನನ್ನದೇ ವಯಸ್ಸು. ಅವಳ ತಂದೆ ಹಿಂದಿನ ಕಾಲದಲ್ಲಿ ಬೊಂಬಾಯಿಗೆ ಖರ್ಜೂರ ಕಳಿಸುತ್ತಿದ್ದವರು. ಬಾಲ್ಯದ ಎಷ್ಟೋ ವರ್ಷ ಅಲ್ಲೇ ಕಳೆದಿದ್ದ ಅವಳು ನನಗಿಂತ ಚೆನ್ನಾಗಿ ಹಿಂದಿ ಮಾತಾಡುತ್ತಿದ್ದಳು. ಅವಳು ಹಿಂದಿಯಲ್ಲಿ ಆಡಿದ್ದನ್ನೇ ಇಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೇನೆ.

ಯುದ್ಧಕ್ಕೆ ಎರಡು ತಿಂಗಳ ಮೊದಲು ಕುವೈತಿನಲ್ಲಿ ಒಂದು ಚುನಾವಣೆ ನಡೆದಿತ್ತು. ಆಗ ಅವಳು ಮೆಟ್ಟಿಲ ಮೇಲೆ ಸಿಕ್ಕಿ ಹೇಳಿದ್ದಳು, "ನನಗೆ ಡಿಗ್ರಿ ಇದೆ, ಕಾರು ಓಡಿಸುವ ಲೈಸನ್ಸ್ ಇದೆ. ವೋಟು ಇಲ್ಲ. ಕೆಲವು ವರ್ಷದ ಹಿಂದೆ ನಾವು ನಾಲ್ಕು ಜನ ಟೀಚರುಗಳು ಹೆಸರು ಸೇರಿಸಿ ಎಂದು ಆಫೀಸಿಗೆ ಹೋಗಿದ್ದೆವು. ಕೂರಿಸಿ ಚಹಾ ಕೊಟ್ಟು ಕಳಿಸಿದರು."

"ಚಹಾ ಹೇಗಿತ್ತು?" ಎಂದೆ ನಾನು, ಸುಮ್ಮನೆ ನಗಿಸಲು.

"ಬಹಳ ಒಳ್ಳೆಯದಿತ್ತು. ಅದೇ ಬೇಜಾರು."

ನಮ್ಮ ಇಂಡಿಯಾದಲ್ಲಿ ಶುರುವಿನಿಂದಲೂ ಹೆಂಗಸರಿಗೆ ವೋಟು ಇದೆ ಎಂದು ನಾನು ಸ್ವಲ್ಪ ಜಂಬದಿಂದಲೇ ಹೇಳಿದೆ. ನೀನು ಎಷ್ಟು ಸಲ ಹಾಕಿದ್ದೀಯ ಎಂದು ಅವಳು ಕೇಳಿದಳು. ನಾನು ಹಾಕಿದ್ದು ಒಂದೇ ಸಲ, ಅದೂ ಮೂಲ್ಕಿಯ ಶಾಲೆಯಲ್ಲಿ, ಅಪ್ಪ ತೋರಿಸಿದ ಚಿಹ್ನೆಗೆ. ಮಾತು ಬದಲಿಸಿ ಮೇಲೆ ಬಂದುಬಿಟ್ಟೆ.

ಸೈನ್ಯ ಬಂದು ಮೂರನೇ ವಾರಕ್ಕೆ ಗ್ಯಾಸ್ ಸಿಲಿಂಡರು ಸಿಗುವುದು ಕಷ್ಟವಾಯಿತು. ನೂರಿಯಾಳ ಉಗ್ರಾಣದಲ್ಲಿ ತುಂಬಿದ ಸಿಲಿಂಡರುಗಳಿದ್ದವು, ಅಡುಗೆಮನೆಯಲ್ಲಿ ಆರು ಬರ್ನರಿನ ಒಲೆ ಇತ್ತು. ಒಂದು ಬೆಳಿಗ್ಗೆ ಅವಳು ಮೇಲೆ ಬಂದು ಬಾಗಿಲು ಬಾಗಿಲು ತಟ್ಟಿ, "ಎಲ್ಲರೂ ನನ್ನಲ್ಲೇ ಬೇಯಿಸಿ" ಎಂದಳು. ಅಂದಿನಿಂದ ನಮ್ಮೆಲ್ಲರ ಪಾತ್ರೆಗಳು ಕೆಳಗಿಳಿದವು. ಫಿಂಟಾಸಿನ ಹೋಟೆಲೊಂದರಲ್ಲಿ ಅಡುಗೆಯವರಾಗಿದ್ದ ಬೊನವೆಂಚರ್ ಈಗ ಬ್ಯಾಚುಲರುಗಳಿಗೆ ಅನ್ನ ಹಾಕುವವರು. ಅವರೂ ತಮ್ಮ ದೊಡ್ಡ ಸ್ಟೀಲಿನ ಕಡಾಯಿ ಹೊತ್ತುಕೊಂಡು ಬಂದರು. ಒಂದು ಬರ್ನರಿನಲ್ಲಿ ಕೋಳಿ ಗಸಿ, ಪಕ್ಕದಲ್ಲಿ ಲಿಜ್ಜಿ ಇಡ್ಲಿಯ ಹಾಗೆ ಬೇಯಿಸುವ ಸಣ್ಣಾ, ಅದರಾಚೆ ನೂರಿಯಾಳ ಮಚ್‌ಬೂಸ್ ಅನ್ನ, ಒಣನಿಂಬೆಯ ಪರಿಮಳ.

ಹೊರಗೆ ಟ್ಯಾಂಕುಗಳು ಓಡಾಡುತ್ತಿದ್ದಾಗ ಹೀಗೆ ಹೇಳುವುದಕ್ಕೆ ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ: ಆ ಅಡುಗೆಮನೆಯಲ್ಲಿ ನಾವು ಸಂತೋಷವಾಗಿದ್ದೆವು. ಮದುವೆಯಾಗಿ ಬಂದ ಮೇಲೆ ಗಲ್ಫಿನ ಫ್ಲ್ಯಾಟಿನಲ್ಲಿ ನಾನು ಅಷ್ಟು ನಕ್ಕಿದ್ದೇ ಇಲ್ಲ.

ಕುವೈತಿಗಳನ್ನು, ಅದರಲ್ಲೂ ಸೈನ್ಯದವರ ಮನೆಯವರನ್ನು, ಇರಾಕಿಗಳು ಹುಡುಕುತ್ತಿದ್ದರು. ಸಿಕ್ಕಿದರೆ ಗುಂಡು, ಬಚ್ಚಿಟ್ಟವರಿಗೂ ಅದೇ ಶಿಕ್ಷೆ. ಹಾಗಾಗಿ ನಾವು ನೂರಿಯಾಳನ್ನು ನಮ್ಮವಳನ್ನಾಗಿ ಮಾಡಿದೆವು. ಉಳ್ಳಾಲದ ಬ್ಯಾರಿ ಹೆಂಗಸು, ಹೆಸರು ರಮ್ಲಾ, ಮನೆಗೆಲಸಕ್ಕೆ ಬಂದವಳು ಎಂದು ಕಥೆ ಕಟ್ಟಿದೆವು. ಅವಳ ಕಪ್ಪು ಅಬಾಯಾ ಕಪಾಟಿಗೆ ಹೋಯಿತು. ನನ್ನ ಹೂವಿನ ನೈಟಿ ತೊಡಿಸಿ, ಹೆಗಲ ಮೇಲೊಂದು ಟವೆಲು ಹಾಕಿ, ತಲೆಗೆ ತೆಳು ಬಟ್ಟೆ ಸುತ್ತಿದೆವು. ಕನ್ನಡಿ ನೋಡಿಕೊಂಡು ಅವಳು, "ಈ ಟವೆಲು ಯಾಕೆ?" ಎಂದಳು. ಯಾಕೆ ಎಂದು ನಮಗೂ ಗೊತ್ತಿರಲಿಲ್ಲ. ನೈಟಿ ಹಾಕಿದರೆ ಟವೆಲೂ ಹಾಕುತ್ತೇವೆ, ಅಷ್ಟೇ.

ಒಂದು ಮಧ್ಯಾಹ್ನ ಮೂವರು ಸೈನಿಕರು ಒಳಗೆ ಬಂದರು. ಎಲ್ಲರೂ ಹುಡುಗರು, ಹಸಿದವರು. ಬೊನವೆಂಚರ್ ಕೈ ಒರೆಸಿಕೊಳ್ಳುತ್ತ ಮುಂದೆ ಹೋಗಿ, "ಕುಲ್ಲು ಹಿಂದಿ, ಎಲ್ಲ ಇಂಡಿಯನ್ಸ್" ಎಂದು ಸಲಾಮು ಹೊಡೆದರು. ಒಬ್ಬ ಹುಡುಗ ಸೀದಾ ಒಲೆಯ ಹತ್ತಿರ ಹೋಗಿ ಕುದಿಯುವ ಕಡಾಯಿಯ ಮುಚ್ಚಳಕ್ಕೆ ಬರಿಗೈ ಹಾಕಿದ.

"ದೀರ್ ಬಾಲಕ್!" ಎಂದಳು ನೂರಿಯಾ. ಜೋಕೆ ಎಂದು ಅರ್ಥ. ಆ ಎರಡು ಶಬ್ದ ಇಲ್ಲಿ ಎಲ್ಲ ಇಂಡಿಯನ್ನರಿಗೂ ಗೊತ್ತು. ಆದರೆ ಅವಳು ಹೇಳಿದ್ದು ಹದಿನೈದು ವರ್ಷ ತರಗತಿಯಲ್ಲಿ ನಿಂತ ಅರಬ್ಬಿ ಟೀಚರಿನ ಗಂಟಲಿನಲ್ಲಿ. ಹುಡುಗ ಕೈ ಹಿಂದೆಗೆದ. ಅವಳನ್ನು ನೋಡಿದ. ಮತ್ತೊಮ್ಮೆ ನೋಡಿದ.

ಲಿಜ್ಜಿ ಅವನ ಕೈಗೆ ಒಂದು ತಟ್ಟೆ ಅನ್ನ, ಮೇಲೆ ಗಸಿ ಹಾಕಿ ಕೊಟ್ಟಳು. ಮೂವರೂ ನಿಂತಲ್ಲೇ ತಿಂದರು. ಖಾರಕ್ಕೆ ಕಣ್ಣೀರು ಸುರಿಯುತ್ತಿದ್ದರೂ ಬಿಡದೆ ತಿಂದರು. ಹೋಗುವಾಗ ಆ ಹುಡುಗ ಬಾಗಿಲಲ್ಲಿ ಇನ್ನೊಮ್ಮೆ ತಿರುಗಿ ನೋಡಿ ಹೋದ. ಅವರ ಬೂಟಿನ ಸದ್ದು ದೂರವಾದ ಮೇಲೆ ನೂರಿಯಾ ನೆಲದ ಮೇಲೆ ಕುಳಿತುಬಿಟ್ಟಳು.

ಗಂಡಸರಿಗೆ ಸುದ್ದಿ ಮುಟ್ಟಿತು. ಮರುದಿನ ಶುಕ್ರವಾರ, ಊಟವಾದ ಮೇಲೆ ನೆಲಮಾಳಿಗೆಯಲ್ಲಿ ತುರ್ತು ಮೀಟಿಂಗು. ವಿಷಯ ಒಂದೇ: ನೂರಿಯಾ ಈ ಕಟ್ಟಡದಲ್ಲಿ ಇರಬೇಕೇ, ಬೇಡವೇ. ಬಾಡಿಗೆಗೆ ಇದ್ದವರು ಮಾಲೀಕರ ಮನೆಯವಳನ್ನು ಹೊರಗೆ ಹಾಕಬೇಕೇ ಎಂದು ಚರ್ಚೆ! ಪಿತ್ತ ನೆತ್ತಿಗೇರಿ ನಾನು ಚಹಾದ ನೆಪದಲ್ಲಿ ಕೆಳಗೆ ಇಳಿದೆ. ಲಿಜ್ಜಿಗೆ ಅಂದು ರಜೆ. ಅವಳೂ ಬಂದಳು. ನಮ್ಮ ಹಿಂದೆ ಉಳಿದ ಹೆಂಗಸರೂ ಇಳಿದರು.

ರೋಕ್ ಎದ್ದು ನಿಂತಿದ್ದರು. "ನೋಡಿ, ಅವರ ಮೇಲೆ ನಮಗೆ ಗೌರವ ಉಂಟು. ಆದ್ರೆ ಮಕ್ಕಳು ಮರಿ ಇರುವ ಬಿಲ್ಡಿಂಗ್ ಇದು. ಆ ಸೈನಿಕ ಅವನ ಆಫೀಸರಿಗೆ ಹೇಳಿದ್ರೆ ನಾವೆಲ್ಲ ಖಲಾಸ್. ಸಾಲ್ಮಿಯಾದಲ್ಲಿ ಅವರ ಸೋದರತ್ತೆ ಮನೆ ಉಂಟಲ್ಲ, ಅಲ್ಲಿಗೆ ಬಿಟ್ಟು ಬರುವ."

"ಆ ಮನೆಗೆ ಸೈನ್ಯದವರು ಬೀಗ ಹಾಕಿ ಹತ್ತು ದಿನ ಆಯ್ತು. ದಾರಿಯಲ್ಲಿ ಒಂದೊಂದು ಚೆಕ್‌ಪಾಯಿಂಟಲ್ಲೂ ಕೆಳಗೆ ಇಳಿಸ್ತಾರೆ," ಎಂದೆ ನಾನು.

"ಯಾರು ಹೇಳಿದ್ದು?" ಎಂದರು ಅಧ್ಯಕ್ಷರು, ಅಂದರೆ ನನ್ನ ಗಂಡ.

"ರೊಟ್ಟಿ ಸಾಲಿನಲ್ಲಿ."

ಪಾಪ, ಅವರ ಮುಖ ಬಾಡಿತ್ತು. ನಮ್ಮ ಮಗಳು ನವ್ಯಶ್ರೀಗೆ ಹತ್ತು ವರ್ಷ. ಹಿಂದಿನ ದಿನದಿಂದ ಅವರು ಅವಳನ್ನು ಬಾಲ್ಕನಿಗೂ ಬಿಟ್ಟಿರಲಿಲ್ಲ. ಹೆದರಿಕೆ ಸುಳ್ಳಲ್ಲ, ನನಗೂ ಇತ್ತು. ಆದರೆ ನೂರಿಯಾಳನ್ನು ಕಾರಿನಲ್ಲಿ ಕೂರಿಸಿ ಕಳಿಸುವುದೆಂದರೆ ಕೊಲ್ಲುವವರ ಕೈಗೆ ಕೊಟ್ಟ ಹಾಗೆ. ಅದೂ ಅಷ್ಟೇ ನಿಜವಾಗಿತ್ತು.

"ಚರ್ಚೆ ಸಾಕು, ವೋಟಿಗೆ ಹಾಕುವ," ಎಂದರು ಯಶೋಧರ. "ಇಲ್ಲಿರುವುದು ಅಪಾಯ ಅಂತಲೇ ನನ್ನ ಅಭಿಪ್ರಾಯ. ಒಂದು ಒಲೆಗೆ ಒಂದು ವೋಟು. ಕೈ ಎತ್ತಿ."

ಆಗ ನನ್ನ ಬಾಯಿಯಿಂದ ಬಂತು, "ಯಾವ ಒಲೆ?"

"ಯಾವ ಒಲೆ ಅಂದ್ರೆ ಎಂತ? ನಮ್ಮ ನಮ್ಮ ಮನೆಯ ಒಲೆ."

"ನಮ್ಮ ಮನೆಯ ಒಲೆ ತಣ್ಣಗಾಗಿ ಎಷ್ಟು ದಿನ ಆಯ್ತು ಮಾರಾಯ್ರೆ? ಅದರ ಮೇಲೆ ನೀವು ರೇಡಿಯೋ ಇಟ್ಟಿದ್ದೀರಿ. ರೋಕ್, ನಿಮ್ಮ ಒಲೆ ಮೇಲೆ ಎಂತ ಉಂಟು?"

ಉತ್ತರ ಕೊಟ್ಟವಳು ಲಿಜ್ಜಿ. "ಅವರ ಪಾಲಿಶ್ ಮಾಡಿದ ಶೂ."

ಹಿಂದಿನ ಬೆಂಚಿನಲ್ಲಿ ಬೊನವೆಂಚರ್ ಹೊಟ್ಟೆ ಕುಣಿಸಿ ನಕ್ಕರು. "ಸಾಯ್ಬಾ! ಹಾಗಾದ್ರೆ ಬಿಲ್ಡಿಂಗಲ್ಲಿ ಈಗ ಉರಿಯುದು ಒಂದೇ ಒಲೆ. ಅದು ನೂರಿಯಾ ಮೇಡಮ್ಮಂದು. ನಿಮ್ಮ ಕಾನೂನು ಪ್ರಕಾರ ಮೇಡಂ ಇರ್ಬೇಕಾ ಬೇಡ್ವಾ ಅಂತ ಮೇಡಮ್ಮೇ ಕೈ ಎತ್ತಬೇಕು."

ನಾನು ಇದನ್ನು ಮೊದಲೇ ಯೋಚಿಸಿ ಬಂದಿದ್ದೆ ಎಂದು ಆಮೇಲೆ ಎಲ್ಲರೂ ಹೊಗಳಿದರು. ಸುಳ್ಳು. ಸಿಟ್ಟಿನಲ್ಲಿ ಬಂದ ಮಾತು ಅದು. ಬಂದ ಮೇಲೆ ಮಾತ್ರ ಅದರ ಬೆಲೆ ನನಗೆ ತಿಳಿಯಿತು, ತಿಳಿದ ಮೇಲೆ ಬಿಡಲಿಲ್ಲ.

ಗಂಡಸರಲ್ಲಿ ಗುಸುಗುಸು ಎದ್ದಿತು. ಹಾಗಾದರೆ ಕಾನೂನು ಬದಲಿಸಿ ಫ್ಲ್ಯಾಟಿಗೊಂದು ವೋಟು ಮಾಡೋಣ ಎಂದು ಒಬ್ಬರೆಂದರು. ಬೊನವೆಂಚರ್ ಎದ್ದು ನಿಂತರು. ಈ ಸಲ ನಗಲಿಲ್ಲ. "ಐದು ವರ್ಷ ನಾವು ಹದಿನಾಲ್ಕು ಜನ ಎರಡು ಕೈ ಎತ್ತಿದ್ದೇವೆ. ಸಾಕು. ಆ ಒಲೆಯಿಂದ ಯಾರೆಲ್ಲ ಉಣ್ತಾರೋ ಅವರಿಗೆಲ್ಲ ಒಂದೊಂದು ವೋಟು."

"ಹೆಂಗಸರಿಗೂ?" ಎಂದರು ನನ್ನ ಗಂಡ.

"ಯಾಕೆ, ಹೆಂಗಸರು ಉಣ್ಣುದಿಲ್ವಾ?" ಎಂದೆ.

"ಹಾಗಲ್ಲ ಆಶಾಬಾಯಿ," ರೋಕ್ ಸಮಾಧಾನದ ದನಿ ತೆಗೆದರು. "ಹೆಂಡತಿ ಗಂಡ ಹೇಳಿದ ಹಾಗೇ ಹಾಕ್ತಾಳೆ. ಒಂದೇ ವೋಟನ್ನು ಸುಮ್ಮನೆ ಎರಡೆರಡು ಸಲ ಎಣಿಸುದು ಯಾಕೆ?"

ಲಿಜ್ಜಿ ಚಹಾದ ತಟ್ಟೆಯನ್ನು ಅವರ ಪಕ್ಕದ ಕುರ್ಚಿಯ ಮೇಲೆ ಇಟ್ಟಳು. "ರೋಕ್, ಮೊನ್ನೆ ವಾರ್ಡಿಗೆ ಗುಂಡು ಬಿದ್ದ ಹುಡುಗನನ್ನು ತಂದ್ರು. ಡಾಕ್ಟರು ನನ್ನತ್ರ ಕೇಳಿದ್ರು, ಸಿಸ್ಟರ್, ನಿಮಗೆ ಎಂತ ಅನ್ನಿಸ್ತದೆ ಅಂತ. ಅಷ್ಟು ದೊಡ್ಡ ಡಾಕ್ಟರು. ನೀವು ಕೇಳಿದ್ದೀರಾ, ಇಷ್ಟು ವರ್ಷದಲ್ಲಿ ಒಂದು ಸಲ?"

ರೋಕ್ ಕುಳಿತರು. ನನ್ನ ಗಂಡ ಅಕೌಂಟೆಂಟು, ಮುಖಗಳನ್ನು ನೋಡಿಯೇ ಲೆಕ್ಕ ಮಾಡುವವರು. ಬ್ಯಾಚುಲರುಗಳನ್ನು ನೋಡಿದರು, ಗೋಡೆಗೆ ಒರಗಿ ನಿಂತ ನಮ್ಮನ್ನು ನೋಡಿದರು. ಎರಡನ್ನೂ ಕೂಡಿಸಿದಾಗ ತಮ್ಮ ಕಡೆ ಎಷ್ಟು ಉಳಿಯುತ್ತದೆಂದು ಅವರಿಗೆ ಗೊತ್ತಾಯಿತು. "ಆಯ್ತು," ಎಂದರು.

"ನೂರಿಯಾಳಿಗೂ," ಎಂದೆ ನಾನು ಬಿಸಿ ಆರುವ ಮೊದಲೇ.

"ಅವರದ್ದೇ ವಿಷಯ ಅಲ್ವಾ ಇದು? ಅವರಿಗೇ ವೋಟು ಹೇಗೆ ಕೊಡುದು?"

"ನಮ್ಮ ಬಾತ್‌ರೂಮಿನ ಪೈಪಿನ ವಿಷಯ ಬಂದಾಗ ನೀವು ಎದ್ದು ಹೊರಗೆ ಹೋಗಿದ್ರಾ? ಅವಳೂ ಅದೇ ಒಲೆಯಿಂದ ಉಣ್ಣುದು."

ನ್ಯಾಯದ ಮಾತು ಆಡಿದೆ, ಸರಿ. ಆದರೆ ಒಳಗೊಂದು ಲೆಕ್ಕವೂ ಇತ್ತು. ಬ್ಯಾಚುಲರುಗಳಲ್ಲಿ ಅರ್ಧ ಜನ ಹೆದರಿದ್ದರು, ಹೆಂಗಸರಲ್ಲೂ ಇಬ್ಬರ ಮುಖ ನನಗೆ ಭರವಸೆ ಕೊಡುತ್ತಿರಲಿಲ್ಲ. ನೂರಿಯಾಳ ವೋಟು ಒಂದು ನಮ್ಮ ಕಡೆ ಖಂಡಿತ ಬೀಳುತ್ತದಲ್ಲ ಎಂದುಕೊಂಡೆ.

ಗುಟ್ಟಾಗಿ ಹಾಕಬೇಕು ಎಂದು ಹಟ ಹಿಡಿದವಳು ಲಿಜ್ಜಿ. ಗಂಡನ ಎದುರು ಕೈ ಎತ್ತಲು ಎಲ್ಲರಿಗೂ ಧೈರ್ಯ ಇರುವುದಿಲ್ಲ ಎಂದು ನನ್ನ ಕಿವಿಯಲ್ಲಿ ಹೇಳಿದಳು. ಚೀಟಿ ಬರೆದರೆ ಅಕ್ಷರದಿಂದ ಗುರುತು ಸಿಗುತ್ತದೆ. ಅದಕ್ಕೆ ಪ್ರತಿಯೊಬ್ಬರ ಕೈಗೂ ಒಂದು ಖರ್ಜೂರದ ಬೀಜ, ಒಂದು ಒಣ ಕಡಲೆ ಕೊಟ್ಟೆವು. ಇರಲಿ ಎನ್ನುವವರು ಬೀಜ ಹಾಕಬೇಕು, ಬೇಡ ಎನ್ನುವವರು ಕಡಲೆ. ಉಳಿದದ್ದನ್ನು ಯಾರಿಗೂ ತೋರಿಸದೆ ಇಟ್ಟುಕೊಳ್ಳಬೇಕು. ಮೂಲೆಯಲ್ಲಿ ಬೆಡ್‌ಶೀಟು ಕಟ್ಟಿ, ಅದರ ಹಿಂದೆ ಬೊನವೆಂಚರರ ಕಡಾಯಿ ಇಟ್ಟೆವು. ಬೀಳುವ ಸದ್ದಿನಿಂದ ಗೊತ್ತಾಗಬಾರದೆಂದು ಲಿಜ್ಜಿ ಅದರ ತಳಕ್ಕೆ ಟವೆಲು ಹಾಸಿದಳು. ಕೊನೆಗೂ ಟವೆಲಿಗೊಂದು ಕೆಲಸ ಸಿಕ್ಕಿತು.

ನವ್ಯಶ್ರೀ ಮೆಟ್ಟಿಲ ಮೇಲಿಂದ ಇಣುಕಿ, "ಅಮ್ಮಾ, ಡೂ ಐ ಗೆಟ್ ಒನ್?" ಎಂದಳು. ನಿನಗೆ ಹದಿನೆಂಟು ಆಗಲಿ ಎಂದೆ. "ದಟ್ಸ್ ನಾಟ್ ಫೇರ್!" ಎಂದು ಕಾಲು ಅಪ್ಪಳಿಸಿ ಮೇಲೆ ಹೋದಳು. ನನಗೆ ಅವಳ ಮೇಲೆ ಪ್ರೀತಿ ಉಕ್ಕಿತು.

ಒಬ್ಬೊಬ್ಬರಾಗಿ ಹೋಗಿ ಬಂದರು. ನೂರಿಯಾಳನ್ನು ಕರೆಸಿದೆವು. ಅವಳು ಕೈ ತೊಳೆದು ಬಂದಿದ್ದಳು. ಹೆಗಲ ಟವೆಲು ತೆಗೆದು, ಮಡಚಿ, ನನ್ನ ಕೈಗೆ ಕೊಟ್ಟು, ಬೆಡ್‌ಶೀಟಿನ ಹಿಂದೆ ಹೋದಳು. ಎಲ್ಲರಿಗಿಂತ ಹೆಚ್ಚು ಹೊತ್ತು ಅಲ್ಲಿ ನಿಂತಳು. ಯಾರೂ ಅವಸರ ಮಾಡಲಿಲ್ಲ. ಹೊರಗೆ ಬಂದಾಗ ಅವಳ ಕಣ್ಣು ಒದ್ದೆಯಾಗಿತ್ತು, ಮುಖ ನಗುತ್ತಿತ್ತು. ಜೀವನದ ಮೊದಲ ವೋಟು, ಸಂತೋಷಕ್ಕೆ ಹಾಗಾಗಿದೆ ಎಂದು ನನಗೂ ಕಣ್ಣು ತುಂಬಿತು.

ಬೊನವೆಂಚರ್ ಕಡಾಯಿ ಬಗ್ಗಿಸಿ ಎಲ್ಲರ ಎದುರು ಎಣಿಸಿದರು. ಹದಿಮೂರು ಬೀಜ, ಹನ್ನೆರಡು ಕಡಲೆ. ಮತ್ತೊಮ್ಮೆ ಎಣಿಸಿ ಎಂದರು ಯಾರೋ. ಮತ್ತೊಮ್ಮೆಯೂ ಅಷ್ಟೇ. ಯಶೋಧರ ಗಂಟಲು ಸರಿಮಾಡಿಕೊಂಡು, ನೂರಿಯಾ ಇಲ್ಲೇ ಇರುತ್ತಾರೆ ಎಂದು ಘೋಷಿಸಿದರು. ರೋಕ್ ಅವಳ ಹತ್ತಿರ ಹೋಗಿ ತಮ್ಮ ಹರುಕು ಹಿಂದಿಯಲ್ಲಿ, ಮೆಜಾರಿಟಿ ಅಂದರೆ ಮೆಜಾರಿಟಿ, ನಾಳೆಯಿಂದ ನನ್ನ ಮಕ್ಕಳೂ ನಿಮ್ಮನ್ನು ರಮ್ಲಾ ಆಂಟಿ ಎಂದೇ ಕರೆಯುತ್ತಾರೆ ಎಂದರು. ಹಾಗೆಯೇ ನಡೆದುಕೊಂಡರು ಕೂಡ. ಅದಕ್ಕೆ ನಾನು ಅವರ ಮೇಲಿನ ಸಿಟ್ಟನ್ನೆಲ್ಲ ಮರೆತೆ.

ಮರುದಿನ ಬಟ್ಟೆ ನೆನೆಸುವಾಗ ಗಂಡನ ಅಂಗಿಯ ಕಿಸೆಗೆ ಕೈ ಹಾಕಿದೆ. ನಾಣ್ಯ, ಬಸ್ ಟಿಕೆಟು ಉಳಿದಿದೆಯೇ ಎಂದು ನೋಡುವುದು ಅಭ್ಯಾಸ. ಬೆರಳಿಗೆ ಸಿಕ್ಕಿದ್ದು ಒಂದು ಕಡಲೆ.

ಕಡಲೆ ಕಿಸೆಯಲ್ಲಿದೆ ಎಂದರೆ ಕಡಾಯಿಗೆ ಬಿದ್ದದ್ದು ಬೀಜ. ಎಲ್ಲರ ಎದುರು ಅಪಾಯ ಅಪಾಯ ಎಂದ ಮನುಷ್ಯ, ಬೆಡ್‌ಶೀಟಿನ ಹಿಂದೆ ಒಬ್ಬರೇ ನಿಂತಾಗ ಬೀಜ ಹಾಕಿ ಬಂದಿದ್ದರು. ಹೆಂಡತಿಯರಿಗೆ ಧೈರ್ಯ ಬರಲೆಂದು ನಾವು ಮಾಡಿದ ಗುಟ್ಟಿನ ಏರ್ಪಾಟು ಗಂಡಂದಿರಿಗೂ ಉಪಯೋಗಕ್ಕೆ ಬಂದಿತ್ತು. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಆ ಕಡಲೆಯನ್ನು ಮರುದಿನದ ಗಸಿಗೆ ಹಾಕಿ ಅವರಿಗೇ ಬಡಿಸಿದೆ. ಎರಡು ಸಲ ಹಾಕಿಸಿಕೊಂಡರು.

ಅಕ್ಟೋಬರಿನಲ್ಲಿ ನಾವು ಬಸ್ಸಿನಲ್ಲಿ ಬಾಗ್ದಾದಿಗೆ, ಅಲ್ಲಿಂದ ಅಮ್ಮಾನಿಗೆ ಹೋಗಿ, ವಿಮಾನ ಹತ್ತಿ ಊರು ಸೇರಿದೆವು. ಲಿಜ್ಜಿ ಆಸ್ಪತ್ರೆ ಬಿಟ್ಟು ಬರುವುದಿಲ್ಲ ಎಂದಳು, ರೋಕ್ ಮಕ್ಕಳನ್ನು ಊರಿಗೆ ಕಳಿಸಿ ಅವಳ ಜೊತೆ ನಿಂತರು. ಬೊನವೆಂಚರರೂ ಉಳಿದರು. ಫೆಬ್ರವರಿಯಲ್ಲಿ ಕುವೈತು ಬಿಡುಗಡೆಯಾಗುವವರೆಗೂ ನೂರಿಯಾ ಅದೇ ನೈಟಿಯಲ್ಲಿ ರಮ್ಲಾಳಾಗಿ ಬದುಕಿದಳು. ಆ ಸೈನಿಕ ಹುಡುಗ ಮತ್ತೆ ಎರಡು ಸಲ ಬಂದಿದ್ದನಂತೆ, ಅನ್ನ ಮತ್ತು ಗಸಿ ಕೇಳಿಕೊಂಡು.

ತೊಂಬತ್ತೊಂದರ ಅಕ್ಟೋಬರಿನಲ್ಲಿ ಕಂಪನಿ ಮತ್ತೆ ಕರೆದಾಗ ನಾವು ವಾಪಸು ಬಂದೆವು. ಎಣ್ಣೆ ಬಾವಿಗಳು ಇನ್ನೂ ಒಂದೆರಡು ಕಡೆ ಉರಿಯುತ್ತಿದ್ದವು. ಒಣಗಿಸಿದ ಬಟ್ಟೆಯ ಮೇಲೆಲ್ಲ ಕಪ್ಪು ಚುಕ್ಕೆ. ಬಂದ ಮರುದಿನವೇ ನೂರಿಯಾಳ ಅಡುಗೆಮನೆಗೆ ಓಡಿದೆ. ಅವಳು ಅಬಾಯಾ ತೊಟ್ಟು ಆಗಷ್ಟೇ ಹೊರಗಿನಿಂದ ಬಂದಿದ್ದಳು, ಮುಖ ಕೆಂಪಾಗಿತ್ತು.

"ಮುಂದಿನ ವರ್ಷ ಚುನಾವಣೆಯಂತೆ," ಎಂದಳು. "ನಾವು ಹೆಂಗಸರೆಲ್ಲ ಸೇರಿ ಕೇಳಿದೆವು. ಏಳು ತಿಂಗಳು ಮದ್ದು ಸಾಗಿಸಿದೆವು, ರೊಟ್ಟಿ ಸಾಗಿಸಿದೆವು, ಹೆಣ ಹೂತೆವು, ಈಗಲಾದರೂ ನಮ್ಮ ಹೆಸರು ಸೇರಿಸಿ ಎಂದು. ಇನ್ನೂ ಸಮಯ ಬಂದಿಲ್ಲ ಎಂದರು."

"ಚಹಾ ಕೊಟ್ರಾ?"

"ಈ ಸಲ ಬಿಸ್ಕೀಟೂ ಕೊಟ್ಟರು."

ಇಬ್ಬರೂ ನಕ್ಕೆವು. ಅವಳಿಗೆ ಸಮಾಧಾನವಾಗಲೆಂದು ನಾನೆಂದೆ, "ಇರಲಿ ಬಿಡು. ಒಂದು ಸಲವಾದರೂ ನೀನು ವೋಟು ಹಾಕಿದ್ದೀ, ಅದು ಗೆದ್ದೂ ಇದೆ. ನಿನ್ನ ಬೀಜ ಇಲ್ಲದಿದ್ದರೆ ನಾವು ಗೆಲ್ಲುತ್ತಿರಲಿಲ್ಲ."

ನೂರಿಯಾ ನನ್ನನ್ನೇ ನೋಡಿದಳು. "ನಾನು ಹಾಕಿದ್ದು ಕಡಲೆ, ಆಶಾ."

ಹದಿಮೂರು, ಹನ್ನೆರಡು. ನಾನು ಹಟ ಹಿಡಿದು ಕೊಡಿಸಿದ ವೋಟೇ ಅವಳನ್ನು ಹೊರಗೆ ಹಾಕುತ್ತಿತ್ತು. ನಾನು ಲೆಕ್ಕಕ್ಕೇ ಇಟ್ಟುಕೊಳ್ಳದಿದ್ದ ನನ್ನ ಗಂಡನ ಬೀಜ ಬೀಳದಿದ್ದರೆ ಅವಳು ಅದೇ ಸಂಜೆ ಸಾಲ್ಮಿಯಾದ ದಾರಿಯಲ್ಲಿ ಇರುತ್ತಿದ್ದಳು. ಕಿಸೆಯಲ್ಲಿ ಸಿಕ್ಕಿದ ಕಡಲೆಯ ಕಥೆಯನ್ನು ಅವಳಿಗೆ ಹೇಳಿದೆ. ಅವಳು ಕುರ್ಚಿಯ ಮೇಲೆ ಕುಸಿದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನನಗೆ ನಗು ಬರಲಿಲ್ಲ. ಮೈಯೆಲ್ಲ ಸಿಟ್ಟು.

"ಹುಚ್ಚು ಹಿಡಿದಿತ್ತಾ ನಿನಗೆ? ಸಾಯಬೇಕೆಂದು ಇದ್ದೆಯಾ?"

"ಇಲ್ಲ. ತುಂಬ ಹೆದರಿದ್ದೆ. ಆದರೆ ಆ ಪರದೆಯ ಹಿಂದೆ ನಿಂತಾಗ ಮೇಲೆ ನಿನ್ನ ಮಗಳು ಓಡಾಡುವ ಸದ್ದು ಕೇಳುತ್ತಿತ್ತು. ನಾನು ಇಲ್ಲಿರುವುದು ತಪ್ಪು ಎಂದು ಅನ್ನಿಸಿತು. ನನ್ನ ಜೀವನದಲ್ಲಿ ಮೊದಲ ಸಲ ನಿನ್ನ ಅಭಿಪ್ರಾಯ ಏನು ಎಂದು ಜನ ನನ್ನನ್ನು ಕೇಳಿದ್ದರು. ಮೊದಲ ಸಲವೇ ಸುಳ್ಳು ಹೇಳಲೇ?"

"ಅಷ್ಟು ಅನ್ನಿಸಿದ್ದರೆ ಯಾರಿಗೂ ಹೇಳದೆ ಎದ್ದು ಹೋಗಬಹುದಿತ್ತಲ್ಲ. ಯಾರು ತಡೆಯುತ್ತಿದ್ದರು ನಿನ್ನನ್ನು?"

"ಹೇಗೆ ಹೋಗಲಿ?" ಎಂದಳು ನೂರಿಯಾ. ಅವಳಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ನಾನು ವೋಟು ಹಾಕಿದೆ, ಸೋತೆ. ಸೋತ ಮೇಲೆ ಒಪ್ಪಿಕೊಳ್ಳಬೇಕು. ಅಷ್ಟೂ ಮಾಡದಿದ್ದರೆ ನಮಗೂ ವೋಟು ಕೊಡಿ ಎಂದು ಇವತ್ತು ಅವರ ಮುಂದೆ ಹೋಗಿ ನಿಲ್ಲಲು ನನಗೆ ಮುಖ ಎಲ್ಲಿರುತ್ತಿತ್ತು?"

ಬಯ್ಯುವುದನ್ನು ಬಿಟ್ಟು ಅವಳ ಎರಡೂ ಕೈ ಹಿಡಿದುಕೊಂಡೆ.